ಮೂವತ್ತೊಂದನೆಯ ಪ್ರಶ್ನೆ

ಔಷಧಿ ಅಂಗಡಿಯ ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳು ವಿಮೆಯ ಕಾರ್ಡನ್ನು ಮೂರನೆಯ ಸಲ ಯಂತ್ರಕ್ಕೆ ಉಜ್ಜಿ, ಪರದೆ ನೋಡಿ, ಕಾರ್ಡನ್ನು ಮೆಲ್ಲಗೆ ಕಲ್ಲಿನ ಕಟ್ಟೆಯ ಮೇಲೆ ಇಟ್ಟಾಗಲೇ ಕಂಡಕ್ಟರಿಗೆ ಗೊತ್ತಾಯಿತು, ಇವತ್ತು ಏನೋ ಎಡವಟ್ಟಾಗಿದೆ ಎಂದು. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು ಅವರು. ಪಾಸಿನ ಅವಧಿ ಮುಗಿದಿದೆ ಎಂದು ಹೇಳುವುದಕ್ಕೆ ಒಂದು ಕ್ಷಣ ಮುಂಚೆ ಮನುಷ್ಯನ ಮುಖ ಹೇಗಾಗುತ್ತದೆ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಕಾರ್ಡ್ ಸರಿಯಾಗೇ ಇದೆ ಸರ್,” ಎಂದಳು ಔಷಧಿಯಾಕೆ. “ಮಿಕ್ಕಿದ್ದಕ್ಕೆಲ್ಲ ವಿಮೆ ಬರ್ತಾ ಇದೆ. ಬಿಪಿದು, ಸಕ್ಕರೆದು, ನಿಮ್ಮ ಮೊಣಕಾಲಿಂದು, ಎಲ್ಲಾ. ಅಮ್ಮನ ಈ ಹಳದಿ ಮಾತ್ರೆಗೆ ಮಾತ್ರ ಒಪ್ಪಿಗೆ ಮುಗಿದಿದೆ. ವರ್ಷಕ್ಕೊಂದ್ಸಲ ಹೊಸದಾಗಿ ತಗೋಬೇಕಲ್ಲ.”

“ತಗೊಳ್ಳೋಣ. ಎಲ್ಲಿ ಸಹಿ ಹಾಕ್ಲಿ?”

“ನಿಮ್ಮ ಸಹಿ ನಡೆಯಲ್ಲ. ಡಾಕ್ಟ್ರು ನೆನಪಿನ ಪರೀಕ್ಷೆ ಮಾಡಿ ಅಂಕ ಬರೆದು ಕಳಿಸ್ಬೇಕು. ಮೂವತ್ತಕ್ಕೆ ಹತ್ತಾದ್ರೂ ಬಂದ್ರೆ ವಿಮೆ ಮುಂದುವರಿಯುತ್ತೆ.”

“ಬರ್ಲಿಲ್ಲ ಅಂದ್ರೆ?”

ಔಷಧಿಯಾಕೆ ಚೀಟಿಯನ್ನು ಮಡಿಸಿದಳು, ಮತ್ತೆ ಬಿಚ್ಚಿದಳು. “ಬರ್ಲಿಲ್ಲ ಅಂದ್ರೆ ಮಾತ್ರೆಯಿಂದ ಉಪಯೋಗ ಆಗ್ತಿಲ್ಲ ಅಂತ ಲೆಕ್ಕ. ನಿಲ್ಲಿಸ್ತಾರೆ.”

ನೋಡಿ ನ್ಯಾಯ! ನೆನಪು ಹೋಗುತ್ತಿದೆ ಎಂದು ಕೊಡುವ ಮಾತ್ರೆಗೆ ನೆನಪಿನ ಪರೀಕ್ಷೆ. ಕುಂಟನಿಗೆ ಮೊದಲು ಓಡಿ ತೋರಿಸು, ಆಮೇಲೆ ಊರುಗೋಲು ಕೊಡುತ್ತೇವೆ ಎಂದ ಹಾಗಾಯಿತು. ಕಂಡಕ್ಟರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ರೇಗುವುದು? ತಾವು ಮಾಡದ ನಿಯಮಕ್ಕೆ ತಾವು ಬೈಸಿಕೊಳ್ಳುವ ಕೆಲಸವನ್ನು ಅವರೂ ಮೂವತ್ತನಾಲ್ಕು ವರ್ಷ ಮಾಡಿದವರೇ. ಕಿಟಕಿಯ ಆಚೆ ಕೂತವಳು ತಮ್ಮ ಜಾತಿಯವಳೇ ಅನ್ನಿಸಿ, “ಆಗಲಿ ತಾಯಿ, ಪರೀಕ್ಷೆ ಬರೆಸೋಣ,” ಎಂದು ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ಕೈಯಿಂದ ಕೊಳ್ಳೋಣವೆಂದರೆ ಪಿಂಚಣಿಯ ಮುಕ್ಕಾಲು ಪಾಲು ಆ ಒಂದು ಡಬ್ಬಿಗೇ ಬೇಕು. ಮನೆಯಲ್ಲಿ ಇಪ್ಪತ್ತೆರಡು ಮಾತ್ರೆ ಉಳಿದಿದ್ದವು. ಡಾಕ್ಟರು ಸಿಗುವುದು ಇಪ್ಪತ್ತೊಂದನೆಯ ದಿನಕ್ಕೆ.

ಆ ಹಳದಿ ಮಾತ್ರೆ ಏನು ಮಾಡುತ್ತದೆ ಎಂದು ಕೇಳಿದರೆ ಡಾಕ್ಟರು ಹೇಳಿದ್ದು ಇಷ್ಟೇ: “ಇಳಿಜಾರಲ್ಲಿ ಬ್ರೇಕ್ ಇದ್ದ ಹಾಗೆ. ಬಸ್ಸು ಇಳಿಯೋದಂತೂ ನಿಲ್ಲಲ್ಲ. ಧಡಕ್ ಅಂತ ಇಳಿಯಲ್ಲ, ಅಷ್ಟೆ.” ಬಸ್ಸಿನವರಿಗೆ ಬಸ್ಸಿನ ಭಾಷೆಯಲ್ಲೇ ಹೇಳಿದ್ದರಿಂದ ಕಂಡಕ್ಟರು ಅದನ್ನು ಮರೆತಿರಲಿಲ್ಲ. ಮರೆಯುವ ಹಾಗೂ ಇರಲಿಲ್ಲ. ಹಿಂದಿನ ವರ್ಷ ವಿಮೆಯ ಕಾರ್ಡು ಬದಲಾಗುವಾಗ ಒಂಬತ್ತು ದಿನ ಮಾತ್ರೆ ಸಿಕ್ಕಿರಲಿಲ್ಲ. ಏಳನೆಯ ದಿನ ಹೆಂಡತಿ ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಗೋಡೆಗೆ ಕೈಯಿಟ್ಟು ನಿಂತು, “ಇದು ಯಾರ ಮನೆ? ಅವರು ಬೈಯಲ್ವಾ?” ಎಂದು ಪಿಸುಗುಟ್ಟಿದ್ದರು. ಮಾತ್ರೆ ಮತ್ತೆ ಶುರುವಾದ ಮೇಲೆ ಹದಿನೈದು ದಿನದಲ್ಲಿ ಬಟ್ಟೆ ಮಡಿಸುವುದು ವಾಪಸು ಬಂತು, ಕಿಟಕಿಯಲ್ಲಿ ಕೂತು ದಾರಿಹೋಕರನ್ನು ಆಡಿಕೊಳ್ಳುವುದು ವಾಪಸು ಬಂತು, ನಗು ಬಂತು. ಕಂಡಕ್ಟರು ಅಂದಿನಿಂದ ಆ ಮಾತ್ರೆಯ ಡಬ್ಬಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದುಕೊಂಡು ಬಂದಿದ್ದರು.

ಅವರ ಭಯ ಗೋಡೆಯದ್ದಲ್ಲ, ಮನೆಯದ್ದೂ ಅಲ್ಲ. ಮನೆ ಮರೆತರೆ ಮರೆಯಲಿ. ಇವಳು ಒಂದು ದಿನ ನನ್ನನ್ನೇ ನೋಡಿ ಯಾರೆಂದು ಕೇಳಿದರೆ? ಆ ದಿನವನ್ನು ಈ ಮಾತ್ರೆ ದೂರ ತಳ್ಳುತ್ತಿದೆ ಎಂದು ಅವರು ನಂಬಿದ್ದರು. ಅದಕ್ಕೇ, ಎಷ್ಟೋ ಸಲ ತುದಿನಾಲಗೆಗೆ ಬಂದರೂ, “ನಾನ್ಯಾರು ಹೇಳು ನೋಡೋಣ” ಎಂಬ ಒಂದು ಮಾತನ್ನು ಮಾತ್ರ ಅವರು ಹೆಂಡತಿಯನ್ನು ಎಂದೂ ಕೇಳಿರಲಿಲ್ಲ.

ಹೆಂಡತಿ ಎಂದರೆ ಅಂತಿಂಥ ಹೆಂಡತಿಯಲ್ಲ. ಇಡೀ ಬೀದಿ ಇನ್‌ಸ್ಪೆಕ್ಟರಮ್ಮ ಎಂದು ಕರೆಯುವ ಆಕೆ ಅದೇ ಸಾರಿಗೆ ಇಲಾಖೆಯಲ್ಲಿ ಟಿಕೆಟ್ ತಪಾಸಣೆಗೆ ಇದ್ದವರು. ಯಾವ ನಿಲ್ದಾಣದಲ್ಲಿ ಹತ್ತುತ್ತಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹತ್ತಿದರೆಂದರೆ ನಿದ್ದೆ ಮಾಡುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು. ಒಮ್ಮೆ ಕಂಡಕ್ಟರ ಬಸ್ಸಿನಲ್ಲಿ ಪರ್ಸು ಮರೆತು ಬಂದ ಮುದುಕನೊಬ್ಬನನ್ನು ಇವರು ಪಾಪವೆಂದು ಸುಮ್ಮನೆ ಕೂರಿಸಿಕೊಂಡಿದ್ದರು. ಆಕೆ ಹತ್ತಿದವರು ಮೊದಲು ಮುದುಕನ ಟಿಕೆಟ್ಟಿಗೆ ತಮ್ಮ ಕೈಯಿಂದ ಕೊಟ್ಟರು, ಆಮೇಲೆ ಕಂಡಕ್ಟರ ಮೇಲೆ ಕೇಸು ಬರೆದರು. “ಕರುಣೆ ನಿಮ್ಮ ಜೇಬಿಂದ ಮಾಡಿ, ಇಲಾಖೆ ಜೇಬಿಂದ ಬೇಡ” ಎಂದರು. ಇವರಿಗೆ ಒಂದು ವಾರದ ಸಂಬಳ ಹೋಯಿತು, ಜೊತೆಗೆ ಮನಸ್ಸೂ ಹೋಯಿತು. ಸಂಬಳವನ್ನು ಬಿಟ್ಟುಕೊಟ್ಟು, ಮನಸ್ಸಿನ ವಿಚಾರ ಮಾತಾಡಲು ತಪಾಸಣೆಯ ಕಚೇರಿಗೆ ನಾಲ್ಕು ಸಲ ಹೋಗಿ ಬಂದರು. ಹುಲಿಯ ಬಾಯಿಗೆ ತಾನಾಗಿ ತಲೆ ಕೊಟ್ಟ ಎಂದು ಡಿಪೋದಲ್ಲಿ ಎಲ್ಲರೂ ನಕ್ಕರು. ತಲೆ ಕೊಟ್ಟವರು ನಲವತ್ತೊಂದು ವರ್ಷ ಸುಖವಾಗಿಯೇ ಇದ್ದರು.

ಈಗ ಆ ಇನ್‌ಸ್ಪೆಕ್ಟರಮ್ಮನನ್ನು ಪರೀಕ್ಷೆಗೆ ತಯಾರು ಮಾಡಬೇಕು. ಕಂಡಕ್ಟರು ಹಿಂಜರಿಯಲಿಲ್ಲ. ಹೋದ ವರ್ಷ ಡಾಕ್ಟರು ಕೇಳಿದ ಮೂವತ್ತು ಪ್ರಶ್ನೆಗಳೂ ಅವರಿಗೆ ಕೇಳಿದ ಕ್ರಮದಲ್ಲೇ ನೆನಪಿದ್ದವು. ನಿಲ್ದಾಣಗಳ ಪಟ್ಟಿಯನ್ನು ಹಿಂದುಮುಂದಾಗಿ ಒಪ್ಪಿಸುತ್ತಿದ್ದ ತಲೆಗೆ ಮೂವತ್ತು ಪ್ರಶ್ನೆ ಯಾವ ಲೆಕ್ಕ? ಹಳೆಯ ಲೆಕ್ಕದ ಪುಸ್ತಕವೊಂದರ ಹಿಂಬದಿಯಲ್ಲಿ ಎಲ್ಲವನ್ನೂ ಒಂದರ ಕೆಳಗೊಂದು ಬರೆದರು. ವರ್ಷ, ತಿಂಗಳು, ತಾರೀಕು, ವಾರ. ಇದು ಯಾವ ಜಾಗ, ಎಷ್ಟನೇ ಮಹಡಿ. ಮೂರು ಪದ ಹೇಳುತ್ತಾರೆ, ತಿರುಗಿ ಹೇಳಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ, ಆಗಲೂ ಹೇಳಬೇಕು. ಆ ಮೂರು ಪದ: ಎಲೆ, ಕೀಲಿ, ಕುರ್ಚಿ. ಹನ್ನೆರಡನೇ ನಂಬರಿನ ಬಸ್ಸು ಇವತ್ತೊಂದು ದಾರಿ, ನಾಳೆಯೊಂದು ದಾರಿ ಹೋಗುತ್ತದೆಯೇ? ಪರೀಕ್ಷೆಯೂ ಹಾಗೇ ಎಂದು ಅವರು ಲೆಕ್ಕ ಹಾಕಿದರು.

ಬೆಳಿಗ್ಗೆ ಮಾತ್ರೆ ನುಂಗಿಸಿ, ಜಡೆ ಹಾಕಿ, ತಿಂಡಿಯಾದ ಮೇಲೆ ಪಾಠ. ಮೇಜಿನ ಮೇಲೆ ಒಣಗಿದ ಬಟ್ಟೆಯ ರಾಶಿ. ಇನ್‌ಸ್ಪೆಕ್ಟರಮ್ಮ ಬಟ್ಟೆ ಮಡಿಸುತ್ತಿದ್ದರೆ ಕಂಡಕ್ಟರು ಎದುರಿಗೆ ನಿಂತು ಕೂಗುವರು.

“ಎಲೆ! ಎಲೆ! ಎಲೆ ಇಳಿಯೋರು ಯಾರ್ರೀ? ಮುಂದಿನ ಸ್ಟಾಪು ಕೀಲಿ! ಕೀಲಿ ಆದ್ಮೇಲೆ?”

“ಕೂಗಾಡ್ಬೇಡಿ, ಮುಂದೆ ಹೋಗಿ,” ಎನ್ನುವರು ಇನ್‌ಸ್ಪೆಕ್ಟರಮ್ಮ.

“ಮುಂದೆ ಯಾವುದು, ಅದನ್ನೇ ಕೇಳ್ತಾ ಇರೋದು.”

“ನಿಮಗೇ ಗೊತ್ತಿಲ್ವಾ? ಮತ್ತೆ ಬಸ್ ಯಾಕೆ ಹತ್ತಿದ್ರಿ?”

ಮಹಡಿಯ ಮೇಲಿನ ಮನೆಯಲ್ಲಿದ್ದ ಆಕೆಯ ತಂಗಿ ಈ ಗಲಾಟೆ ಕೇಳಿ ಕೆಳಗಿಳಿದು ಬಂದಳು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, “ಭಾವ, ಹೊಳೇಲಿ ಹುಣಸೆಹಣ್ಣು ತೊಳೀತಾ ಇದ್ದೀರಿ. ಅಕ್ಕಂಗೆ ನಿನ್ನೆ ನಾನು ಬಂದಿದ್ದೇ ನೆನಪಿಲ್ಲ,” ಎಂದಳು.

“ನಿನ್ನನ್ನ ಮರೆತಿದ್ದು ಕಾಯಿಲೆಯಿಂದ ಅಂತ ಯಾಕೆ ಅಂದ್ಕೋತೀಯ? ಬೇಕಂತಲೇ ಇರಬಹುದು.”

ತಂಗಿ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮೇಲೆ ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೊದಲ ವಾರ ಒಂದು ಪದವೂ ನಿಲ್ಲಲಿಲ್ಲ. ಎಂಟನೆಯ ದಿನ ಕಂಡಕ್ಟರು ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಹೊರಗಿನಿಂದ, ಯಾರೂ ಕೇಳದೆ, ತಮ್ಮಷ್ಟಕ್ಕೆ ತಾವು ಹೇಳಿಕೊಂಡ ಹಾಗೆ ಹೆಂಡತಿಯ ದನಿ ಬಂತು: “ಎಲೆ, ಕೀಲಿ, ಕುರ್ಚಿ.”

ಕಂಡಕ್ಟರು ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡೇ ಓಡಿ ಬಂದರು. ಮತ್ತೆ ಕೇಳಿದರು. ಮತ್ತೆ ಬಂತು. ಮಧ್ಯಾಹ್ನ ಕೇಳಿದರು, ಬಂತು. ಆವತ್ತಿನ ಅವರ ಸಂತೋಷ ಹೇಳತೀರದು; ಮಗು ಮೊದಲ ಹೆಜ್ಜೆ ಇಟ್ಟರೆ ತಾಯಿ ಬೀದಿಗೆಲ್ಲ ಹೇಳಿ ಬರುವ ಹಾಗೆ ಅವರು ಮಹಡಿ ಹತ್ತಿ ನಾದಿನಿಗೆ ಹೇಳಿ ಬಂದರು.

ಆದರೆ ತಾರೀಕು ನಿಲ್ಲಲಿಲ್ಲ. ಹೇಗೆ ನಿಂತೀತು? ಪದಗಳು ದಿನವೂ ಒಂದೇ, ತಾರೀಕು ದಿನಕ್ಕೊಂದು. ಪರೀಕ್ಷೆಯ ದಿನ ಬೆಳಿಗ್ಗೆ ಕಂಡಕ್ಟರು ಪೆನ್ನು ತೆಗೆದು ಹೆಂಡತಿಯ ಎಡಗೈ ಹಿಡಿದು, ಅಂಗೈಯಲ್ಲಿ ವರ್ಷ, ತಿಂಗಳು, ತಾರೀಕು, ವಾರ ನಾಲ್ಕನ್ನೂ ಸಣ್ಣಗೆ ಬರೆದರು. ಬರೆಯುವಾಗ ಕಚಗುಳಿಯಾಗಿ ಆಕೆ ನಕ್ಕರು. “ತಾರೀಕು ಕೇಳಿದ್ರೆ ಕೈ ನೋಡ್ಕೋ, ಏನು?” ಎಂದು ಹತ್ತು ಸಲ ಹೇಳಿಕೊಟ್ಟರು. ಮಾಡುತ್ತಿರುವುದು ತಪ್ಪೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಟಿಕೆಟ್ಟಿಲ್ಲದವರನ್ನು ಹತ್ತಿಸಿಕೊಳ್ಳುವ ಅವರ ಹಳೆಯ ಚಾಳಿ ಹೋಗಿರಲಿಲ್ಲ, ಅಷ್ಟೆ.

ಡಾಕ್ಟರ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಬಿಳಿ ಕಾಗದ ಹಾಸಿದ ಮಂಚ. ಗೋಡೆಯ ಕ್ಯಾಲೆಂಡರನ್ನು ಡಾಕ್ಟರು ಮೊದಲೇ ತಿರುಗಿಸಿ ಹಾಕಿದ್ದರು. ಕಂಡಕ್ಟರಿಗೆ ಹಿಂದಿನ ಮೂಲೆಯಲ್ಲಿ ಸ್ಟೂಲು ಕೊಟ್ಟು, “ನೀವು ಬಾಯಿ ಬಿಡೋ ಹಾಗಿಲ್ಲ,” ಎಂದರು.

“ಅಮ್ಮಾ, ಇದು ಯಾವ ವರ್ಷ? ಇವತ್ತು ಯಾವ ತಾರೀಕು?”

ಇನ್‌ಸ್ಪೆಕ್ಟರಮ್ಮ ಹೇಳಿಕೊಟ್ಟ ಹಾಗೆಯೇ ಎಡಗೈ ತಿರುಗಿಸಿ ನೋಡಿದರು. ಆಕೆ ಓದಿಕೊಂಡರು, ತುಟಿ ಅಲುಗಿತು. ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಕೈಯನ್ನು ಹಾಗೆಯೇ ಮೇಜಿನ ಮೇಲೆ ಚಾಚಿ, ಅಂಗೈಯನ್ನು ಡಾಕ್ಟರ ಕಡೆ ತಿರುಗಿಸಿದರು.

“ಇದು ನನ್ನ ಅಕ್ಷರ ಅಲ್ಲ,” ಎಂದರು. ಆ ದನಿ ಕಂಡಕ್ಟರು ಎಷ್ಟೋ ವರ್ಷದಿಂದ ಕೇಳಿರದ ದನಿ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಆಡುತ್ತಿದ್ದ ದನಿ. “ಯಾರೋ ಬರೆದಿದ್ದಾರೆ. ಇದನ್ನ ನೋಡಿ ಹೇಳಿದ್ರೆ ಲೆಕ್ಕಕ್ಕೆ ಬರುತ್ತಾ?”

“ಬರಲ್ಲಮ್ಮ.”

“ಹಾಗಾದ್ರೆ ಬರ್ಕೋಬೇಡಿ.”

ಡಾಕ್ಟರು ಕತ್ತೆತ್ತಿ ಮೂಲೆಯ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕಂಡಕ್ಟರು ಜೇಬಿನಲ್ಲಿದ್ದ ಪೆನ್ನಿನ ಮೇಲೆ ಕೈಯಿಟ್ಟುಕೊಂಡರು. ಇನ್‌ಸ್ಪೆಕ್ಟರಮ್ಮನೂ ಹಿಂದೆ ತಿರುಗಿ ಅವರನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಡಾಕ್ಟರ ಕಡೆ ಬಾಗಿ ತಗ್ಗಿದ ದನಿಯಲ್ಲಿ, “ಅವರು ಒಳ್ಳೆಯವರು. ಕೇಸ್ ಹಾಕ್ಬೇಡಿ,” ಎಂದರು.

ಇಡೀ ನೌಕರಿಯಲ್ಲಿ ಆ ಮಾತನ್ನು ಆಕೆ ಯಾರ ಪರವಾಗಿಯೂ ಆಡಿದವರಲ್ಲ. ಮದುವೆಯಾದ ಮೇಲೂ ಗಂಡನ ಬಸ್ಸನ್ನು ಎರಡು ಸಲ ಹಿಡಿದವರು. ಕಂಡಕ್ಟರಿಗೆ ಒಂದು ಕಡೆ ನಾಚಿಕೆ, ಒಂದು ಕಡೆ ಹೆಮ್ಮೆ. ಎರಡೂ ಸೇರಿ ಕಣ್ಣಿಗೆ ಬಂದವು.

ಪರೀಕ್ಷೆ ಮುಂದುವರಿಯಿತು. ಇದು ಯಾವ ಜಾಗ ಎಂದದ್ದಕ್ಕೆ “ಆಸ್ಪತ್ರೆ, ವಾಸನೆ ಬರಲ್ವಾ?” ಎಂದರು. ಎಷ್ಟನೇ ಮಹಡಿ ಎಂದದ್ದಕ್ಕೆ “ಹತ್ತಿ ಬಂದವರನ್ನ ಕೇಳಿ” ಎಂದರು. ಆಮೇಲೆ ಡಾಕ್ಟರು, “ಮೂರು ಪದ ಹೇಳ್ತೀನಿ, ತಿರುಗಿ ಹೇಳಿ, ಮನಸ್ಸಲ್ಲಿಟ್ಕೊಳ್ಳಿ. ದೋಣಿ, ನಿಂಬೆ, ಬಾಗಿಲು,” ಎಂದರು.

ಕಂಡಕ್ಟರು ಸ್ಟೂಲಿನಿಂದ ಅರ್ಧ ಎದ್ದರು. ದೋಣಿಯೇ? ನಿಂಬೆಯೇ? ಇದ್ಯಾವ ದಾರಿ? ಮೂರು ವಾರ ಹಗಲೆಲ್ಲ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ನಿಲ್ದಾಣಗಳಿಗೆ ಬಸ್ಸು ಹೋಗಲೇ ಇಲ್ಲ. ಪ್ರತಿ ವರ್ಷ ಪದಗಳನ್ನು ಬದಲಾಯಿಸುತ್ತಾರೆಂದು ಅವರಿಗೆ ಹೊಳೆದೇ ಇರಲಿಲ್ಲ. ಇನ್‌ಸ್ಪೆಕ್ಟರಮ್ಮ ಆ ಕ್ಷಣಕ್ಕೆ ಮೂರನ್ನೂ ತಿರುಗಿ ಹೇಳಿದರು. ನೂರರಲ್ಲಿ ಏಳೇಳು ಕಳೆಯುತ್ತಾ ಹೋಗಿ ಎಂದರೆ ತೊಂಬತ್ತಮೂರು, ಎಂಬತ್ತಾರು ಎಂದು ಪಟಪಟನೆ ಹೇಳಿ, “ಇನ್ನು ಚಿಲ್ಲರೆ ಇಲ್ಲ” ಎಂದು ನಿಲ್ಲಿಸಿದರು. ಗಡಿಯಾರ ತೋರಿಸಿದರೆ ಗಡಿಯಾರ, ಪೆನ್ನು ತೋರಿಸಿದರೆ ಪೆನ್ನು. ಒಂದು ವಾಕ್ಯ ಬರೆಯಿರಿ ಎಂದರೆ ‘ದಯವಿಟ್ಟು ಟಿಕೆಟ್ ತೋರಿಸಿ’ ಎಂದು ದುಂಡಗೆ ಬರೆದುಕೊಟ್ಟರು.

“ಈಗ ಹೇಳಿ, ಆಗ ನಾನು ಹೇಳಿದ ಮೂರು ಪದ ಯಾವುದು?”

“ಎಲೆ, ಕೀಲಿ, ಕುರ್ಚಿ,” ಎಂದರು ಇನ್‌ಸ್ಪೆಕ್ಟರಮ್ಮ, ನೀರು ಕುಡಿದಷ್ಟು ಸಲೀಸಾಗಿ. ಹೇಳಿ, ಮೆಚ್ಚುಗೆಗೆ ಕಾದವರಂತೆ ಹಿಂದೆ ತಿರುಗಿ ಮೂಲೆಯ ಸ್ಟೂಲಿನ ಕಡೆ ನೋಡಿ ನಕ್ಕರು.

ಡಾಕ್ಟರ ಪೆನ್ನು ನಿಂತಿತು. ಕಡತ ತಿರುವಿ ಹಳೆಯ ಹಾಳೆ ನೋಡಿದರು. “ಇದು ಹೋದ ವರ್ಷದ್ದು. ಇವರಿಗೆ ಹೇಗೆ...” ಎಂದು ಶುರುಮಾಡಿ, ಉತ್ತರ ತಮಗೇ ಸಿಕ್ಕಿ ಕಂಡಕ್ಟರ ಕಡೆ ತಿರುಗಿದರು.

“ನಾನೇ ಹೇಳ್ಕೊಟ್ಟಿದ್ದು,” ಎಂದರು ಕಂಡಕ್ಟರು. “ಮೂರು ವಾರ. ಅದೇ ಪದ ಕೇಳ್ತೀರಿ ಅಂದ್ಕೊಂಡೆ.”

“ಹೊಸದು ಯಾವುದೂ ಇವರಲ್ಲಿ ನಿಲ್ಲಲ್ಲ ಅಂತ ನಾನೇ ಇಲ್ಲಿ ಬರೆದಿದ್ದೀನಿ ನೋಡಿ. ಮೂರು ಪದ ಕೂರಿಸಿಬಿಟ್ಟಿದ್ದೀರಲ್ಲ.”

“ಹಾಗಾದ್ರೆ ಮೂರು ಅಂಕ ಕೊಡಿ.”

“ತಪ್ಪು ಪದಕ್ಕೆ ಹೇಗೆ ಕೊಡ್ಲಿ?”

“ತಪ್ಪು ನಂದು ಡಾಕ್ಟ್ರೇ. ಅವಳು ಕಲಿತಿದ್ದು ಸರಿಯಾಗೇ ಇದೆ.”

ಡಾಕ್ಟರು ನಗಲಿಲ್ಲ. ಕೂಡಿಸಿದರು. ಒಂಬತ್ತು. ಇನ್ನೊಂದೇ ಒಂದು ಬೇಕಿತ್ತು. ಅಂಗೈಯಲ್ಲಿದ್ದ ನಾಲ್ಕು ಸೇರಿದ್ದರೆ ಹಾಯಾಗಿ ಹದಿಮೂರು ಆಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಕಂಡಕ್ಟರು ಅಲ್ಲಿಯವರೆಗೆ ಮಾತಿನಲ್ಲಿ ಕೇಳಿದ್ದರು, ಈಗ ಹೊಟ್ಟೆಯಲ್ಲಿ ತಿಳಿದುಕೊಂಡರು.

“ಒಂಬತ್ತು ಅಂದ್ರೆ ಒಂಬತ್ತೇ,” ಎಂದರು ಡಾಕ್ಟರು. “ಅದನ್ನ ನಾನು ತಿದ್ದಲ್ಲ. ನಿಮ್ಮ ಮನೆಯವರು ಬಿಡೋದೂ ಇಲ್ಲ. ಆದ್ರೆ ಈ ಅರ್ಜೀಲಿ ಕೆಳಗೆ ಷರಾ ಅಂತ ಒಂದು ಜಾಗ ಇದೆ. ಅಂಕ ಕಮ್ಮಿ ಇದ್ರೂ ಮಾತ್ರೆ ಯಾಕೆ ಬೇಕು ಅಂತ ಬರೀಬಹುದು. ಹೇಳಿ, ಮನೇಲಿ ಏನೇನು ಮಾಡ್ತಾರೆ?”

ಕಂಡಕ್ಟರು ಹೇಳಿದರು. ಬಟ್ಟೆ ಮಡಿಸ್ತಾಳೆ. ತಟ್ಟೆ ತಾನೇ ಎತ್ತಿಡ್ತಾಳೆ. ಎದುರುಮನೆಯವರ ನಾಯಿಗೆ ದಿನಾ ಬೈತಾಳೆ, ಅದಕ್ಕೆ ಅದು ಇವಳನ್ನ ಕಂಡರೆ ಬಾಲ ಅಲ್ಲಾಡಿಸುತ್ತೆ. ನಾನು ಹಾಡಿದ್ರೆ ಸಾಕು ನಿಲ್ಲಿಸಿ ಅಂತಾಳೆ. ರಾತ್ರಿ ಹೊದಿಕೆ ಜಾರಿದ್ರೆ ನನಗೆ ಹೊದಿಸ್ತಾಳೆ. ಡಾಕ್ಟರು ಜಾಗ ಸಾಲದೆ ಹಾಳೆಯ ಅಂಚಿಗೆ ತಿರುಗಿಸಿ ಬರೆದರು. “ಒಪ್ತಾರೋ ಇಲ್ವೋ ಗೊತ್ತಿಲ್ಲ. ಒಪ್ಪಿದ್ರೂ ಆರು ತಿಂಗಳು,” ಎಂದರು.

ಮಾರನೆಯ ಬೆಳಿಗ್ಗೆ ಕೊನೆಯ ಮಾತ್ರೆ ಮುಗಿಯಿತು. ಅದಾದ ಮೇಲೆ ಐದು ದಿನ ಖಾಲಿ ಡಬ್ಬಿ. ಕಂಡಕ್ಟರು ದಿನಕ್ಕೆರಡು ಸಲ ಔಷಧಿ ಅಂಗಡಿಗೆ ಫೋನು ಮಾಡಿದರು. ಬೆಳಿಗ್ಗೆ ಬರೀ ನೀರು ಕೊಟ್ಟರೆ ಇನ್‌ಸ್ಪೆಕ್ಟರಮ್ಮ ಅಂಗೈ ಚಾಚಿ ಹಾಗೇ ಕೂತಿರುವರು. ಆ ಬರಿಗೈಯನ್ನು ನೋಡಲಾಗದೆ ಅವರು ಅದರೊಳಗೆ ತಮ್ಮ ಕೈಯಿಡುವರು. ನಾಲ್ಕನೆಯ ದಿನ ಆಕೆ ಅಂಗಿಯೊಂದನ್ನು ಅರ್ಧ ಮಡಿಸಿ, ಮುಂದೇನೆಂದು ತೋಚದೆ ಅದನ್ನೇ ಹಿಡಿದು ಮಧ್ಯಾಹ್ನದವರೆಗೆ ಕೂತರು. ಕಂಡಕ್ಟರು ಉಳಿದರ್ಧ ಮಡಿಸಿದರು. ಪಾಠ ನಿಂತುಹೋಗಿತ್ತು. ಕೇಳಿದರೆ ಎಲೆ, ಕೀಲಿಯೂ ಹೋಗಿದ್ದರೆ ಎಂಬ ಹೆದರಿಕೆಗೆ ಅವರು ಕೇಳಲೇ ಇಲ್ಲ.

ಐದನೆಯ ದಿನ ಹನ್ನೊಂದು ಗಂಟೆಗೆ ಔಷಧಿಯಾಕೆಯೇ ಫೋನು ಮಾಡಿದಳು. “ಒಪ್ಪಿಗೆ ಬಂತು ಸರ್! ಆರು ತಿಂಗಳಿಗೆ. ಅಮ್ಮನ್ನೂ ಕರ್ಕೊಂಡು ಬನ್ನಿ, ಒಂದು ಫಾರಂ ಇದೆ.”

ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಆದರೂ ಕಂಡಕ್ಟರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆತುರದಲ್ಲಿ ಅಂಗಿಯ ಗುಂಡಿಯನ್ನು ಮೇಲುಕೆಳಗೆ ಹಾಕಿಕೊಂಡು, ಹೆಂಡತಿಗೆ ಒಳ್ಳೆಯ ಸೀರೆ ಉಡಿಸಿ, ಕೈಹಿಡಿದು ಎರಡು ಬೀದಿ ನಡೆಸಿಕೊಂಡು ಹೋದರು. ಅಂಗಡಿಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಔಷಧಿಯಾಕೆ ಕಿಟಕಿ ಬಿಟ್ಟು ಈಚೆ ಬಂದು, ಬೆಂಚಿನ ಮೇಲೆ ಇನ್‌ಸ್ಪೆಕ್ಟರಮ್ಮನ ಪಕ್ಕದಲ್ಲೇ ಕೂತಳು. ತೊಡೆಯ ಮೇಲೆ ಫಾರಂ.

“ಅಂಕ ಹತ್ತಕ್ಕಿಂತ ಕಮ್ಮಿ ಇದ್ರೆ, ಔಷಧಿ ತಗೊಂಡು ಹೋಗೋರು ಯಾರು ಅಂತ ಬರೀಬೇಕು ಸರ್,” ಎಂದಳು ಸಂಕೋಚದಿಂದ. “ಹೆಸರು ನಾನು ಬರ್ಕೋತೀನಿ. ಸಂಬಂಧ ಮಾತ್ರ ರೋಗಿಯನ್ನೇ ಕೇಳಿ, ಅವರು ಹೇಳಿದ ಹಾಗೇ ಬರೀಬೇಕಂತೆ. ನೀವು ಹೇಳ್ಕೊಡೋ ಹಾಗಿಲ್ಲ.”

ಮರೆತವರನ್ನೇ ಕೇಳಬೇಕಂತೆ! ಈ ನಿಯಮ ಬರೆದ ಪುಣ್ಯಾತ್ಮನ ಮನೆಯಲ್ಲಿ ಯಾರೂ ಯಾರನ್ನೂ ಮರೆತಿರಲಿಕ್ಕಿಲ್ಲ. ಬೇಡ ತಾಯಿ, ಕೇಳಬೇಡ ಎನ್ನಲು ಕಂಡಕ್ಟರು ಬಾಯಿ ತೆರೆದರು. ಅಷ್ಟರಲ್ಲಿ ಅವಳು ಕೇಳಿಬಿಟ್ಟಿದ್ದಳು.

“ಅಮ್ಮಾ, ಇವರು ನಿಮಗೆ ಏನಾಗ್ಬೇಕು?”

ಇನ್‌ಸ್ಪೆಕ್ಟರಮ್ಮ ಕಂಡಕ್ಟರನ್ನು ನೋಡಿದರು. ಕಾಲಿನಿಂದ ತಲೆಯವರೆಗೆ, ಟಿಕೆಟ್ಟನ್ನು ಎರಡೂ ಬದಿ ತಿರುಗಿಸಿ ನೋಡುವ ಹಾಗೆ ನೋಡಿದರು. ನೋಡುತ್ತ ನೋಡುತ್ತ ಕೈ ಮುಂದೆ ಮಾಡಿ, ಅವರ ಅಂಗಿಯ ತಪ್ಪು ಗುಂಡಿಯನ್ನು ಬಿಚ್ಚಿ ಸರಿಯಾದ ಕಾಜಕ್ಕೆ ಹಾಕಿದರು. ಕಂಡಕ್ಟರು ಅಲ್ಲಾಡದೆ ಬಾಗಿ ನಿಂತಿದ್ದರು.

“ಏನಾಗ್ಬೇಕು ಅಂತ ಗೊತ್ತಿಲ್ಲಮ್ಮ,” ಎಂದರು ಇನ್‌ಸ್ಪೆಕ್ಟರಮ್ಮ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವರಲ್ಲ ಆಕೆ. “ದಿನಾ ಬೆಳಿಗ್ಗೆ ಬರ್ತಾರೆ. ಮಾತ್ರೆ ಕೊಡ್ತಾರೆ. ಜಡೆ ಹಾಕ್ತಾರೆ, ನೋವಾಗಲ್ಲ.”

ಆಗಿಹೋಯಿತು. ಯಾವ ಉತ್ತರ ಕಿವಿಗೆ ಬೀಳಬಾರದೆಂದು ಅವರು ನಾಲ್ಕು ವರ್ಷ ಆ ಒಂದು ಪ್ರಶ್ನೆಯನ್ನು ಬಾಯಲ್ಲೇ ನುಂಗಿಕೊಂಡಿದ್ದರೋ ಅದು ನಡುಹಗಲಿನಲ್ಲಿ, ಔಷಧಿ ಅಂಗಡಿಯ ಬೆಂಚಿನ ಮೇಲೆ ಆಗಿಹೋಯಿತು. ಎಂದಿನಿಂದ ಹೀಗೆ? ಡಾಕ್ಟರ ಕೋಣೆಯಲ್ಲಿ ತಿರುಗಿ ನೋಡಿ ನಕ್ಕಾಗಲೂ ಹೀಗೆಯೇ? ಈ ಐದು ದಿನದಿಂದಲೋ, ವರ್ಷದಿಂದಲೋ? ಕಂಡಕ್ಟರು ಬೆಂಚಿನ ತುದಿ ಹಿಡಿದುಕೊಂಡರು.

ಇನ್‌ಸ್ಪೆಕ್ಟರಮ್ಮ ಔಷಧಿಯಾಕೆಯ ಮೊಣಕೈ ಮುಟ್ಟಿ, ಗುಟ್ಟು ಹೇಳುವವರಂತೆ ತಲೆ ಬಗ್ಗಿಸಿದರು.

“ಮಾತ್ರೆ ನಿಂತುಹೋಯ್ತಲ್ಲ ಮಧ್ಯೆ. ಇವರೂ ನಿಂತುಬಿಡ್ತಾರೇನೋ ಅಂತ ನನಗೆ ಹೆದರಿಕೆ ಆಗಿತ್ತು. ನಿಮಗೆ ಬೇಕಾದ್ರೆ ಮಾತ್ರೆ ವಾಪಸ್ ತಗೊಂಡುಬಿಡಿ. ಇವರನ್ನ ಮಾತ್ರ ಕಳಿಸ್ತಾ ಇರಿ. ಅದನ್ನೂ ಆ ಕಾಗದದಲ್ಲಿ ಬರ್ಕೊಳ್ಳಿ.”

ಔಷಧಿಯಾಕೆ ಫಾರಂ ಮೇಲೆ ಬಾಗಿದಳು. ಏನು ಬರೆದಳೋ, ಬರೆದಳೋ ಇಲ್ಲವೋ. ಅವಳ ತಲೆ ಬಹಳ ಹೊತ್ತು ಮೇಲೇಳಲಿಲ್ಲ. ಕಂಡಕ್ಟರು ಹೆಂಡತಿಯ ಎದುರಿಗೆ ನೆಲದ ಮೇಲೆ ಮೊಣಕಾಲೂರಿ ಕೂತರು.

“ಬರ್ತೀನಿ,” ಎಂದರು. “ಮಾತ್ರೆ ಇರ್ಲಿ, ಇಲ್ದೆ ಇರ್ಲಿ, ಬರ್ತೀನಿ.”

“ದಿನಾ?”

“ದಿನಾ.”

ಇನ್‌ಸ್ಪೆಕ್ಟರಮ್ಮನಿಗೆ ಅಷ್ಟು ಸುಲಭಕ್ಕೆ ನಂಬಿಕೆ ಬರುವಂತಿರಲಿಲ್ಲ. “ಭಾನುವಾರ?”

“ಭಾನುವಾರನೂ ಬರ್ತೀನಿ.”

“ಮನೇಲಿ ಹೆಂಡ್ತಿ ಕಾಯಲ್ವಾ ನಿಮಗೆ?”

“ಕಾಯ್ತಾಳೆ,” ಎಂದರು ಕಂಡಕ್ಟರು. “ಅವಳೇ ಕಳಿಸ್ತಾಳೆ.”

“ಒಳ್ಳೆ ಹೆಂಗಸು,” ಎಂದು ಇನ್‌ಸ್ಪೆಕ್ಟರಮ್ಮ ಸಮಾಧಾನದಿಂದ ತಲೆಯಾಡಿಸಿ, ಬೆಂಚಿನಿಂದ ಏಳಲು ಅವರ ಕಡೆ ಎರಡೂ ಕೈ ಚಾಚಿದರು.